ಗುಂಡು ಮನೆ

ಧಾರವಾಡದ ಬಳಿಯ ಮುಗದ ಊರಿನಾಚೆ ಹೊಲದಂಚಿನ ಮೂರು ಗುಂಟೆ ಜಾಗಕ್ಕೆ ನಾಲ್ಕೂವರೆ ಲಕ್ಷ. ಅದರಲ್ಲಿ ಮಣ್ಣಿನ ಗುಂಡು ಮನೆ ಕಟ್ಟಲು ಎರಡು ಲಕ್ಷ ಎಂಬತ್ತು ಸಾವಿರ. ಬಾಗಿಲ ಮೇಲಿನ ಬೋರ್ಡಿಗೆ ಆರುನೂರು. ಶಾಂತಯ್ಯನನ್ನು ಕೆಡಿಸಿದ್ದು ಆ ಆರುನೂರು.

ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವ ಶಾಂತಯ್ಯನಿಗೆ ಉಣಕಲ್ಲಿನ ಬಾಡಿಗೆ ಮನೆಯಲ್ಲಿ ಕಿಟಕಿ ತೆರೆದರೆ ಪಕ್ಕದವರ ಗೋಡೆ ಮೂಗಿಗೆ ತಾಗುತ್ತಿತ್ತು. ಮೊಬೈಲಿನಲ್ಲಿ ಗುಮ್ಮಟದಂಥ ಮಣ್ಣಿನ ಮನೆಗಳನ್ನು ನೋಡಿ ನೋಡಿ ಹುಚ್ಚು ಹಿಡಿದಿತ್ತು. ಹೆಂಡತಿ ಭಾಗ್ಯಶ್ರೀ ಒಂದೇ ಷರತ್ತು ಹಾಕಿದ್ದಳು: "ಮೊದಲ ನೀವೊಬ್ರ ಎಂಟ ದಿನ ಇದ್ದ ತೋರಸ್ರಿ. ಆಮ್ಯಾಲೆ ನಾ ಬರ್ತೇನಿ. ಇಲ್ಲಾಂದ್ರ ಮಾರಿಬಿಡ್ರಿ."

ಮನೆ ಎದ್ದ ಮೇಲೆ, ಜ್ವರದಲ್ಲಿ ಮಲಗಿದ್ದಾಗಲೇ ಆ ಊರಿನ ಪೇಂಟರಿಗೆ ಫೋನು ಮಾಡಿ ಬೋರ್ಡು ಹೇಳಿದ್ದ: "ಶಾಂತಯ್ಯ ಇಲ್ಲಿ ಪ್ರಕೃತಿಯಲ್ಲಿ ಐಕ್ಯ."

ಆಷಾಢದ ಮಧ್ಯಾಹ್ನ ಚೀಲ ಹೊತ್ತು ಬಸ್ಸಿಳಿದರೆ, ಹತ್ತು ಹೆಜ್ಜೆ ಆಚೆಗೆ ಏನೂ ಕಾಣದಷ್ಟು ಮಂಜು. ಉಸ್ಮಾನಸಾಬನ ಚಹಾದ ಅಂಗಡಿಯಲ್ಲಿ ಕೂತ.

"ಯಾ ಊರ್ರಿ?" ಉಸ್ಮಾನಸಾಬ ಕೇಳಿದ.

"ಉಣಕಲ್. ನಾ ಶಾಂತಯ್ಯ. ಆ ಗುಂಡ ಮನಿ ನಂದ ನೋಡ್ರಿ."

ಉಸ್ಮಾನಸಾಬ ಗ್ಲಾಸು ಅಲ್ಲೇ ಇಟ್ಟು ಒಲೆಯ ಹಿಂದಕ್ಕೆ ಸರಿದ. "ರೊಕ್ಕ ಬ್ಯಾಡ್ರಿ. ಲಗೂ ಹೊಂಡ್ರಿ."

"ಎಲ್ಲಿಗ್ರಿ?"

"ನಿಮ್ಮ ಜಾಗಾಕ್ಕ."

ಗುಂಡು ಮನೆ ಮಂಜಿನಲ್ಲಿ ಬೋಳುತಲೆಯ ಹಾಗೆ ಮೇಲೆದ್ದಿತ್ತು. ಬೀಗಕ್ಕೆ ಹಾರ, ಹೊಸ್ತಿಲಿಗೆ ವಿಭೂತಿ, ಊದುಬತ್ತಿಯ ಹೊಗೆ. ಹಿಂದುಗಡೆ ಯಾರೋ ಭಜನೆ ಹಾಡುತ್ತಿದ್ದರು, ಮುಖ ಕಾಣದು. ಮುದುಕಿಯೊಬ್ಬಳು ಕಣ್ಣು ಮುಚ್ಚಿ ಬೇಡುತ್ತಿದ್ದಳು: "ಅಜ್ಜಾರ, ಈ ಶಿವಲಿಂಗವ್ವನ ಎಮ್ಮಿ ಈ ಸಲಾರ ಗಬ್ಬಾಗ್ಲಿ."

"ಯಾ ಅಜ್ಜಾರಬೇ?" ಎಂದ ಶಾಂತಯ್ಯ.

ಅವಳು ಕಣ್ಣು ತೆರೆಯಲಿಲ್ಲ. "ಶಾಂತಯ್ಯ ಅಜ್ಜಾರು, ದೊಡ್ಡ ಸ್ವಾಮಿಗೋಳು. ಹ್ವಾದ ವಾರ ಜ್ವರದಾಗ ತೀರಿಕೊಂಡ್ರಂತ. ಭಾಳ ಜಾಗೃತ ಗದ್ದಿಗಿ ಐತಿ."

ಶಾಂತಯ್ಯ ಲೆಕ್ಕ ಹಾಕಿದ. ಜ್ವರ ಬಂದದ್ದು ಖರೇ. ಬಿಟ್ಟದ್ದು? ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳಿರಲಿಲ್ಲ. ಪಕ್ಕದಲ್ಲಿ ಯಾರೂ ಕೂತಿರಲಿಲ್ಲ. ಭಾಗ್ಯಶ್ರೀ ಮೂರು ಸಲ ಫೋನು ಎತ್ತಿರಲಿಲ್ಲ. ಸಂತೆಯ ಬದನೆಕಾಯಿ ಹಿಚುಕಿ ನೋಡುವಂತೆ ತನ್ನ ತೋಳನ್ನೇ ಹಿಚುಕಿ ನೋಡಿದ.

ಆಗ ಬೋರ್ಡು ಕಂಡಿತು. ಜಾಗ ಸಾಲದೆ ಪೇಂಟರ್ ಪ್ರಕೃತಿಯನ್ನು ಕೈಬಿಟ್ಟಿದ್ದ. ಗದ್ದಿಗೆಗಳಿಗೆ ಬರೆಯುವ ರೂಢಿಯಂತೆ ಎರಡು ಬದಿಗೆ ದೀಪ ಬರೆದು, ನಡುವೆ 'ಶಾಂತಯ್ಯ ಇಲ್ಲಿ ಐಕ್ಯ' ಎಂದಷ್ಟೇ ಬರೆದಿದ್ದ.

"ಏ, ನಾನ ಶಾಂತಯ್ಯ! ಬದುಕೇನಿ! ಮುಟ್ಟಿ ನೋಡ್ರಿ!"

ಶಿವಲಿಂಗವ್ವ ಅವನ ಹೆಬ್ಬೆರಳು ಮುಟ್ಟಿದಳು. "ಯವ್ವಾ, ಬೆಚ್ಚಗದಾರ!"

ಭಜನೆಯವರು ಓಡಿ ಬಂದರು. ಹಿರಿಯ ಶಂಭುಲಿಂಗ ಕೈಮುಗಿದ. "ತಪ್ಪಾತ್ರಿ. ನಾವು ನಿಮ್ಮನ್ನ ಸತ್ತಾರ ಅಂದ್ಕೊಂಡಿದ್ವಿ."

"ಹಂಗಾರ ನಾ ಇನ್ನ ಇಲ್ಲೇ ಇರಬಹುದಲ್ರಿ?"

"ಇರಬಹುದೇನು? ಇಲ್ಲೇ ಇರಬೇಕ್ರಿ. ಹೋಗ್ರಿ, ಒಳಗ ಆರಾಮ ಕುಂಡ್ರಿ."

ಶಾಂತಯ್ಯ ಒಳಗೆ ಹೋಗಿ ಚಾಪೆ ಹಾಸಿ ಅಡ್ಡಾದ. ಇಷ್ಟು ಒಳ್ಳೆಯ ನೆರೆಹೊರೆ ಉಣಕಲ್ಲಿನಲ್ಲಿ ಎಲ್ಲಿ ಎಂದುಕೊಳ್ಳುತ್ತ ನಿದ್ದೆಹೋದ.

ಟಪ್. ಟಪ್. ಟಪ್. ಹಸಿ ಮಣ್ಣು ಬಡಿಯುವ ಸದ್ದಿಗೆ ಎಚ್ಚರವಾಯಿತು. ಕತ್ತಲೆನಿಸಿತು. ನೋಡಿದರೆ ಬಾಗಿಲಲ್ಲಿ ಎದೆಮಟ್ಟ ಇಟ್ಟಿಗೆ ಏರಿದೆ!

"ಏನ್ ಮಾಡಾಕತ್ತೀರ್ರಿ?"

ಮಣ್ಣು ಮೆತ್ತುತ್ತಿದ್ದ ಶಂಭುಲಿಂಗನ ಕಣ್ಣಲ್ಲಿ ನೀರಿತ್ತು. "ಸತ್ತ ಮ್ಯಾಲೆ ಎಲ್ಲಾರೂ ಐಕ್ಯ ಆಗ್ತಾರ. ಬೋರ್ಡ್ ಬರಸಿ, ಜೀವಂತ ಸಮಾಧ್ಯಾಗ ಬಂದ ಕುಂಡ್ರವ್ರು ಈ ಕಾಲದಾಗ ಎಲ್ಲಿ ಸಿಗ್ತಾರ್ರಿ, ಅಜ್ಜಾರ?"

"ಗಾಳಿಗೆ ಒಂದ ಕಿಂಡಿ ಬಿಡೂಣೇನು?" ಹೊರಗಿನಿಂದ ಯಾರೋ ಕೇಳಿದರು.

"ಅಜ್ಜಾರಿಗ್ಯಾಕ ಗಾಳಿ?" ಎಂದಳು ಶಿವಲಿಂಗವ್ವ.

ಶಾಂತಯ್ಯ ಹಿಂದಿನ ಕಿಟಕಿಯಿಂದ ಹಾರಿದವನು ಧಾರವಾಡದ ಹಾದಿ ಮುಟ್ಟುವವರೆಗೆ ನಿಲ್ಲಲಿಲ್ಲ. ಅಜ್ಜಾರು ಮಂಜಿನಲ್ಲಿ ಮಾಯವಾದರೆಂದು ಊರವರು ಮರುದಿನವೇ ಗುಂಡು ಮನೆಗೆ ಕಳಸ ಇಟ್ಟರು. ದೇವರ ಗುಡಿಯನ್ನು ಕೊಳ್ಳುವವರಿಲ್ಲ, ಅದರಲ್ಲಿ ಸಂಸಾರ ಹೂಡುವಂತೆಯೂ ಇಲ್ಲ.

ಏಳು ಲಕ್ಷ ಮೂವತ್ತು ಸಾವಿರದ ಆರುನೂರು ರೂಪಾಯಿ ಹೋಯಿತು. ಜೀವ ಉಳಿಯಿತು, ಬಾಡಿಗೆ ಮನೆಯಲ್ಲಿ.