ಮಾವನ ಬ್ಯಾರನ್ ಕಾದ ನನ್ನ ಪ್ರೋಗ್ರಾಮ್

ಹುಣಸೂರಿನಲ್ಲಿ ಕಂಪ್ಯೂಟರ್ ಮೇಷ್ಟ್ರಾಗಿರುವ ನಾನು ಸ್ವಭಾವತಃ ವಿನಯವಂತ. ಆದರೆ ಕಳೆದ ಶ್ರಾವಣದಲ್ಲಿ ಆ ಪುಟ್ಟ ಸಾಫ್ಟ್‌ವೇರ್ ಲೈಬ್ರರಿ ಕಣ್ಣಿಗೆ ಬಿದ್ದ ದಿನ ನನ್ನ ವಿನಯ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಯಾರೋ ಪುಣ್ಯಾತ್ಮರು ಬರೆದಿಟ್ಟ ಹಗುರವಾದ ರನ್‌ಟೈಮ್, ಅಂದರೆ ಪ್ರೋಗ್ರಾಮಿನ ಕೆಲಸಗಳನ್ನು ಓಡಿಸುವ ವ್ಯವಸ್ಥೆ ಅದು. ಒಬ್ಬನೇ ಆಳು ಹತ್ತು ಕೆಲಸ ನೋಡಿಕೊಂಡ ಹಾಗೆ. ಒಂದು ಕೆಲಸಕ್ಕೆ ಕಾಯಬೇಕಾಗಿ ಬಂದರೆ ಕೈಕಟ್ಟಿ ನಿಲ್ಲುವುದಿಲ್ಲ, ಮುಂದಿನದಕ್ಕೆ ಹೋಗುತ್ತದೆ. ಹಿಂದಿನದು ಸಿದ್ಧವಾದಾಗ ತಿರುಗಿ ಬರುತ್ತದೆ. ಸೋಪಿನಷ್ಟು ಸರ್ಕ್ಯೂಟ್ ಬೋರ್ಡಿನಲ್ಲೂ ಓಡುತ್ತದೆ! ಖುಷಿ ತಡೆಯಲಾರದೆ ಅಡುಗೆಮನೆಗೆ ನುಗ್ಗಿ ಹೆಂಡತಿ ಸೌಮ್ಯಳಿಗೆ ಇದನ್ನೆಲ್ಲ ವಿವರಿಸಿದೆ.

ಅವಳು ಒಂದು ಒಲೆಯ ಮೇಲೆ ಸಾರು ಕುದಿಯಲು ಬಿಟ್ಟು, ಇನ್ನೊಂದರ ಮುಂದೆ ಮುದ್ದೆ ತೊಳಸುತ್ತಾ, ಫೋನಿನಲ್ಲಿ ಚೀಟಿ ಗೆಳತಿಗೆ ಉತ್ತರ ಕೊಡುತ್ತಾ ಪೂರ್ತಿ ಕೇಳಿಸಿಕೊಂಡಳು.

"ಇದಕ್ಕೆ ಇಷ್ಟೊಂದು ಕುಣಿದಾಟವೇನ್ರಿ? ಬಾಗಿಲಲ್ಲಿ ಹಾಲಿನವರು ಬಂದವ್ರೆ, ಪಾತ್ರೆ ತಗೊಂಡು ಹೋಗಿ."

ನಾನು ಹಾಲನ್ನು ಮರೆತು ಮಾವನಿಗೆ ಫೋನ್ ಮಾಡಿದೆ.

ಮಾವ ಪಿರಿಯಾಪಟ್ಟಣದ ಹತ್ತಿರ ಹೊಗೆಸೊಪ್ಪು ಬೆಳೆಯುತ್ತಾರೆ. ಸೊಪ್ಪನ್ನು ಕೋಲುಗಳಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಕೋಣೆಯಲ್ಲಿ ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಹಾಕಿ ಐದಾರು ದಿನ ಕಾಯಿಸಬೇಕು. ಮೊದಲು ಸಣ್ಣ ಬಿಸಿಯಲ್ಲಿ ಎಲೆ ಹಳದಿಗೆ ತಿರುಗಬೇಕು. ಆಗ ಬಿಸಿ ಏರಿಬಿಟ್ಟರೆ ಹಸಿರಾಗಿಯೇ ಒಣಗಿ ದಂಡವಾಗುತ್ತದೆ. ಹಾಗಾಗಿ ಬ್ಯಾರನ್ ತುಂಬಿದ ಮೇಲೆ ಮಾವ ಅಲ್ಲಿಂದ ಕದಲುವವರಲ್ಲ. ಹೊಸ ಅಗ್ರಹಾರದಲ್ಲಿರುವ ಒಬ್ಬಳೇ ತಂಗಿಯ ಇಬ್ಬರು ಹೆಣ್ಣುಮಕ್ಕಳ ಮದುವೆಯೂ ಈ ಬ್ಯಾರನ್ನಿನಿಂದಲೇ ಅವರಿಗೆ ತಪ್ಪಿತ್ತು. ಈಗ ಆಕೆಯ ಗೃಹಪ್ರವೇಶ. "ಅಣ್ಣ ಬರದಿದ್ರೆ ನಾನು ಹಾಲು ಉಕ್ಕಿಸೋದೇ ಇಲ್ಲ" ಎಂದು ಹಠ ಹಿಡಿದಿದ್ದಳು.

"ಮಾವ, ನೀವು ಹೋಗಿ ಬನ್ನಿ. ಬ್ಯಾರನ್ ನನಗೆ ಬಿಡಿ!"

"ಬುಡ್ತು ಅನ್ನಿ ಅಳಿಯಂದ್ರೆ, ನೀವ್ಯಾಕೆ ಉರಿ ಮುಂದೆ ಕೂತ್ಕತೀರಿ?"

"ಕೂರೋದೇ ಬೇಡ ಮಾವ. ಪ್ರೋಗ್ರಾಮ್ ಕಾಯುತ್ತೆ!"

ಬಿಸಿ ನೋಡಲು ಒಂದು ಕೆಲಸ, ಮನೆಯವರ ಗ್ರೂಪಿಗೆ ಮೆಸೇಜು ಕಳಿಸಲು ಒಂದು, ಅಪಾಯವಾದರೆ ಸೈರನ್ ಕೂಗಿಸಿ ನಿಲ್ಲಿಸಲು ಇನ್ನೊಂದು. ಮೂರನ್ನೂ ಎರಡು ದಿನದಲ್ಲಿ ಬರೆದು ಮುಗಿಸಿ, ಸೌಮ್ಯಳ ಜೊತೆ ಊರಿಗೆ ಹೋಗಿ ಮಾವನ ಮುಂದೆ ಗಂಭೀರವಾಗಿ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಇನ್ನಷ್ಟು ಗಂಭೀರವಾಗಿ ಏನೂ ಆಗಲಿಲ್ಲ!

ಈ ಭಾಷೆಯಲ್ಲಿ ಒಂದು ಕೆಲಸವನ್ನು ಬರೆದರಷ್ಟೇ ಸಾಲದು, 'ಅವೇಯ್ಟ್' ಎಂದು ಬರೆದು ಅದರ ಬೆನ್ನು ಹತ್ತಬೇಕು. ಇಲ್ಲದಿದ್ದರೆ ಅದು ಬರೀ 'ಮಾಡ್ತೀನಿ' ಅಂದುಕೊಂಡು ಕೂತಿರುತ್ತದೆ. ಕಂಪ್ಯೂಟರ್ ಹಳದಿ ಅಕ್ಷರದಲ್ಲಿ ಎಚ್ಚರಿಸಿತ್ತು. ಕೆಂಪು ಬಂದಿಲ್ಲವಲ್ಲ ಎಂದು ನಾನೇ ಉದಾಸೀನ ಮಾಡಿದ್ದೆ.

"ಗೊತ್ತಾಯ್ತು ಬುಡಿ, ನಮ್ಮೂರಿನ ಪಂಚಾಯ್ತಿ ಮೆಂಬರ್ ಇದ್ದಂಗೆ" ಎಂದರು ಮಾವ.

ಸರಿಪಡಿಸಿದೆ. ಬೋರ್ಡಿನ ಪುಟ್ಟ ಪರದೆಯ ಮೇಲೆ ತೊಂಬತ್ತಾರು ಡಿಗ್ರಿ ಫ್ಯಾರನ್‌ಹೀಟ್ ಮೂಡಿತು. ಗ್ರೂಪಿಗೆ 'ಬ್ಯಾರನ್ ಕ್ಷೇಮ' ಎಂಬ ಮೆಸೇಜು ಹಾರಿತು. ನನಗೆ ಕುಣಿಯುವಷ್ಟು ಸಂಭ್ರಮ! ಮಾವ ಇಸ್ತ್ರಿ ಪಂಚೆ ಉಟ್ಟು, ತಂಗಿಗೆ ಸೀರೆ ಹಿಡಿದು, ಸೌಮ್ಯಳ ಜೊತೆ ಬೆಳಗಿನ ಬಸ್ಸು ಹತ್ತಿದರು. ಹತ್ತುವ ಮೊದಲು ಮೂರು ಸಲ ಬ್ಯಾರನ್ ಕಡೆ ತಿರುಗಿ ನೋಡಿದರು. ಹಸು ಕರು ಹಾಕುವಂತಿದ್ದುದರಿಂದ ಅತ್ತೆ ಮನೆಯಲ್ಲೇ ಉಳಿದರು.

ಒಂದು ಸಂಗತಿ ಹೇಳಲು ಮರೆತೆ. ಬ್ಯಾರನ್ನಿನ ಗಾಜಿನ ಕಿಂಡಿಯ ಹಿಂದೆ ಮೊಳೆಗೆ ಒಂದು ಹಳೆಯ ಥರ್ಮಾಮೀಟರ್ ನೇತಾಡುತ್ತಿತ್ತು. ನನ್ನ ಬೋರ್ಡಿಗೆ ಆ ಮೊಳೆ ಬೇಕಾಯಿತು. ಥರ್ಮಾಮೀಟರನ್ನು ಒಡೆಯದಿರಲಿ ಎಂದು ಜೋಪಾನವಾಗಿ ಬನಿಯನ್ನಿನೊಳಗೆ ಸಿಕ್ಕಿಸಿಕೊಂಡಿದ್ದೆ.

ಮೂರು ಗಂಟೆ ಕಳೆಯಿತು. ಬಿಸಿ ನೂರಕ್ಕೆ ಏರಬೇಕಿತ್ತು, ಪರದೆಯಲ್ಲಿ ತೊಂಬತ್ತಾರೇ ಇತ್ತು. ಎರಡು ಸೌದೆ ಹಾಕಿದೆ. ತೊಂಬತ್ತಾರು. ಇನ್ನೂ ನಾಲ್ಕು ಹಾಕಿದೆ. ತೊಂಬತ್ತಾರು! ಎಂಥ ಸ್ಥಿರತೆ! ಆದರೂ ವೈಜ್ಞಾನಿಕ ಮನೋಭಾವದವನಾದ್ದರಿಂದ ಬನಿಯನ್ನಿನೊಳಗಿನ ಹಳೆಯ ಥರ್ಮಾಮೀಟರನ್ನು ತೆಗೆದು ತಾಳೆ ನೋಡಿದೆ. ಅದರಲ್ಲೂ ತೊಂಬತ್ತಾರು! ಇನ್ನೇನು ಬೇಕು? ಅದು ನನ್ನದೇ ಮೈಬಿಸಿ ಎಂಬುದು ಆ ಕ್ಷಣ ಹೊಳೆಯಲಿಲ್ಲ. ಅದನ್ನು ಮತ್ತೆ ಬನಿಯನ್ನಿಗೆ ಸಿಕ್ಕಿಸಿಕೊಂಡು ಒಲೆಗೆ ಒಂದು ದಪ್ಪ ತುಂಡನ್ನೇ ನೂಕಿದೆ.

ಕೊಟ್ಟಿಗೆಯಿಂದ ಅತ್ತೆ ಮೂಗು ಅರಳಿಸಿಕೊಂಡು ಬಂದರು. "ಅಳಿಯಂದ್ರೆ, ಸೊಪ್ಪಿನ ವಾಸ್ನೆ ಬ್ಯಾರೆ ಬತ್ತಾ ಅದೆ ಕಣ್ರಪ್ಪಾ."

"ಇಲ್ಲ ಅತ್ತೆ, ಎರಡೆರಡು ಕಡೆ ತಾಳೆ ನೋಡಿದೀನಿ. ಇದು ಹೇಗೆ ಕೆಲಸ ಮಾಡುತ್ತೆ ಅಂದ್ರೆ..."

ನಾನು ವಿವರಿಸುತ್ತಲೇ ಇದ್ದೆ. ಅವರು ಕೇಳುತ್ತಲೇ ಉರಿಯುವ ಸೌದೆಗಳನ್ನು ಒಂದೊಂದಾಗಿ ಹೊರಗೆಳೆದರು, ನೀರು ಚಿಮುಕಿಸಿದರು, ಗಾಳಿಕಿಂಡಿ ತೆರೆದರು, ನಡುವೆ ಹೋಗಿ ಹಸುವಿಗೆ ಹುಲ್ಲು ಹಾಕಿ ಬಂದರು.

ಅಷ್ಟರಲ್ಲಿ ಸೈರನ್ ಕೂಗಿತು! ಪರದೆಯಲ್ಲಿ ನೂರಾ ಮೂವತ್ತೆಂಟು!

ನಡೆದದ್ದು ಇಷ್ಟು. ಒಂದು ಮೆಸೇಜಿಗೂ ಇನ್ನೊಂದಕ್ಕೂ ನಡುವೆ ಐದು ಗಂಟೆ ನಿದ್ದೆ ಮಾಡು ಎಂದು ಬರೆದಿದ್ದೆ. ಆ ಒಂದು ಕೆಲಸ ಮಾತ್ರ ಮಲಗುವಂಥ ನಿದ್ದೆಯೊಂದು ಲೈಬ್ರರಿಯಲ್ಲೇ ಇತ್ತು. ನಾನು ಹಳೇ ಅಭ್ಯಾಸಬಲದಿಂದ ಮಾಮೂಲಿ ನಿದ್ದೆ ಬರೆದೆ. ಅದು ಮೂರೂ ಕೆಲಸ ನೋಡುವ ಆಳನ್ನೇ ಮಲಗಿಸಿಬಿಟ್ಟಿತು. ಐದು ಗಂಟೆ ಮುಗಿದು ಎದ್ದವನು ಸೈರನ್ ಒತ್ತಿ, 'ಬ್ಯಾರನ್ ಅಪಾಯದಲ್ಲಿದೆ' ಎಂದು ಗ್ರೂಪಿಗೆ ಬರೆದು, ಮತ್ತೆ ಐದು ಗಂಟೆ ಮಲಗಿದ! ಸೈರನ್ ನಿಲ್ಲಿಸಬೇಕಾದವನೂ ಅವನೇ!

ಕೂಗು ಕೇಳಿ ಅರ್ಧ ಊರು ಬಿಂದಿಗೆ ಹಿಡಿದು ಓಡಿಬಂತು. ಉರಿಯಿಲ್ಲದ್ದನ್ನು ಕಂಡು ಬೇಸರಗೊಂಡ ಒಬ್ಬರು, ತಂದ ನೀರು ಯಾಕೆ ದಂಡ ಎಂದು ಗಾಜಿನ ಕಿಂಡಿ ತೆರೆದು ನನ್ನ ಬೋರ್ಡಿನ ಮೇಲೆ ಸುರಿದರು. ಸೈರನ್ ನಿಂತಿತು.

ಮಧ್ಯಾಹ್ನ ಮಾವ ಬಂದಿಳಿದರು. ಊಟದ ಎಲೆಯ ಮುಂದೆ ಕೂತು ಪಾಯಸ ಹಾಕಿಸಿಕೊಳ್ಳುವಾಗ ಮೆಸೇಜು ತಲುಪಿತಂತೆ. ಹಾಗೇ ಎದ್ದು ಬಂದಿದ್ದರು. ಬ್ಯಾರನ್ ಬಾಗಿಲು ತೆರೆದು ಸೊಪ್ಪು ಮುಟ್ಟಿ ನೋಡಿದರು. ಕೆಳಗಿನ ಎರಡು ಸಾಲು ಹಸಿರಾಗಿಯೇ ಗರಗರ ಒಣಗಿತ್ತು. ಮೇಲಿನದನ್ನೆಲ್ಲ ಅತ್ತೆಯ ಮೂಗು ಉಳಿಸಿತ್ತು. ಮಾವ ಹಾಳಾದ ಕೋಲುಗಳನ್ನು ಇಳಿಸಿ ಪಕ್ಕಕ್ಕಿಟ್ಟರು. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು. ಸೊಪ್ಪಿಗಿಂತ ಆ ಅರ್ಧ ಬಿಟ್ಟ ಊಟದ ಎಲೆ ನೆನೆದು ನನಗೆ ನಿಜಕ್ಕೂ ನಾಚಿಕೆಯಾಯಿತು. ಬನಿಯನ್ನಿನಿಂದ ಥರ್ಮಾಮೀಟರ್ ತೆಗೆದು ಅವರ ಕೈಗಿಟ್ಟೆ.

ಅವರು ಅದನ್ನು ನೋಡಿದರು, ನನ್ನ ಬನಿಯನ್ ನೋಡಿದರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅತ್ತೆಯೂ ನಕ್ಕರು. "ನಿಮ್ಮ ಡಬ್ಬ ಮಲಗಿದ್ರೆ ಮಲೀಕಳ್ಳಿ ಬುಡಿ ಅಳಿಯಂದ್ರೆ, ನನ್ನ ಮೂಗು ಎದ್ದಿತ್ತಲ್ಲ."

ಈಗ ವ್ಯವಸ್ಥೆ ಬದಲಾಗಿದೆ. ಈ ಸಲ ತಂಗಿ ಮನೆ ಹಬ್ಬಕ್ಕೆ ಮಾವ ನಿಶ್ಚಿಂತೆಯಿಂದ ಹೋಗಿ ಎರಡು ದಿನ ಇದ್ದು, ಪಾಯಸ ಎರಡು ಸಲ ಹಾಕಿಸಿಕೊಂಡು ಬಂದರು. ಬ್ಯಾರನ್ ಅತ್ತೆ ನೋಡಿಕೊಂಡರು. ಇಷ್ಟು ವರ್ಷ ಅವರನ್ನು ಯಾರೂ ಕೇಳಿರಲಿಲ್ಲವಂತೆ! ಸೋಪಿನಷ್ಟು ಬೋರ್ಡು ಬಚ್ಚಲಲ್ಲಿ ಸೋಪಿನ ಪಕ್ಕದಲ್ಲೇ ಇದೆ.

ನಿನ್ನೆ ಮಾವನ ಫೋನ್ ಬಂತು. "ಅಳಿಯಂದ್ರೆ, ನಾಳೆ ಬ್ಯಾರನ್ ತುಂಬ್ತಾ ಇವ್ನಿ."

ನನ್ನ ಕಿವಿ ನೆಟ್ಟಗಾಯಿತು. "ಬರಲಾ ಮಾವ? ನಿದ್ದೆ ಸರಿಮಾಡಿದೀನಿ!"

"ಬ್ಯಾಡಿ, ಬ್ಯಾಡಿ! ಸರಗೂರಲ್ಲಿ ಒಂದು ನಾಮಕರಣ ಅದೆ. ನೀವು ಓಗಿ, ಆರು ದಿನ ಇದ್ದು ಬನ್ನಿ."

"ಯಾರ ಮನೇಲಿ ಮಾವ?"

"ಅದ ಅಲ್ಲೋಗಿ ವಿಚಾರಿಸ್ಕಳಿ."