ಗಲ್ಲಾದ ಮೇಲೆ ನೊರೆಯೆದ್ದ ಗ್ಲಾಸು

ಹೊಟ್ಟೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ವಡಾಲ ಸ್ಟೇಷನ್ನಿನ ಹತ್ತಿರ ಉಡುಪಿ ಹೋಟೆಲು ನಡೆಸುತ್ತಲೇ ಕೂದಲು ನರೆತವನು ನಾನು. ಹಾಗಾಗಿ ಆ ಮಧ್ಯಾಹ್ನ ಎದೆಯುರಿ ಶುರುವಾದಾಗ, ಜೀರಿಗೆ ಕಷಾಯ ಕುಡಿಯಿರಿ ಎಂದು ಹೆಂಡತಿ ಫೋನಿನಲ್ಲಿ ಹೇಳಿದ್ದನ್ನು ಗಾಳಿಗೆ ತೂರಿ, ಮೆಡಿಕಲ್‌ನಿಂದ ತರಿಸಿದ ಪುಡಿಯನ್ನು ಗಲ್ಲಾದ ಮೇಲೆಯೇ ನೀರಿಗೆ ಸುರಿದೆ. ಬುಸ್ಸೆಂದು ನೊರೆ ಎದ್ದಿತು. ಗಟಗಟ ಕುಡಿದೆ. ಇಡೀ ಹೋಟೆಲು ಊಟ ಬಿಟ್ಟು ನನ್ನನ್ನೇ ನೋಡಿತು!

ಎದುರಿನ ಟೇಬಲ್ಲಿನಲ್ಲಿ ಪಾಟೀಲರಿದ್ದರು. ವಿಜಯಪುರದ ಕಡೆಯವರು, ಪಕ್ಕದ ಕಾಲೊನಿಯ ಸೆಕ್ರೆಟರಿ. ಕಾಲೊನಿಯ ಪೂಜೆಯ ದಿನದ ಉಪಾಹಾರದ ಆರ್ಡರು ಕೊಡಲೆಂದೇ ಬಂದವರು. ಮಳೆಗಾಲದಲ್ಲಿ ವ್ಯಾಪಾರ ಕುಸಿದಿದ್ದ ನನಗೆ ಆ ಆರ್ಡರು ಬಹಳ ಬೇಕಾಗಿತ್ತು.

"ಏನ್ ತಿಂದಿದ್ರಿ ಶೆಟ್ರ?" ಎಂದು ಕೇಳುತ್ತಾ ಅವರು ತಮ್ಮ ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿದರು.

ನಮ್ಮಲ್ಲಿಯದೇ ಎಂದರೆ ಹೋಟೆಲಿನ ಮಾನ ಹೋಗುತ್ತದೆ. ಅಲ್ಲವೆಂದರೆ ನನ್ನದು. ಹೋಟೆಲಿನದನ್ನು ಉಳಿಸಿದೆ. ರಸ್ತೆಯಾಚೆಯ ಗಾಡಿಯ ವಡಾಪಾವ್ ತಿಂದೆ ಎಂದು ಒಪ್ಪಿಕೊಂಡೆ. ಒಂದಲ್ಲ, ನಾಲ್ಕು. ಬೆಳಗಿನಿಂದ ಸಾಂಬಾರಿನ ಘಮ ಕುಡಿದು ಕುಡಿದು, ಊಟದ ಹೊತ್ತಿಗೆ ಅದನ್ನು ಕಂಡರೇ ಬೇಡವೆನಿಸುತ್ತದೆ. ಊರಿಗೆಲ್ಲ ಉಣಿಸಿ ತನ್ನ ಅಡುಗೆಮನೆಯಲ್ಲೇ ಹಸಿವು ಕಳೆದುಕೊಳ್ಳುವುದು ಎಂಥ ಬದುಕೋ ಎಂದು ನನಗೆ ನಿಜಕ್ಕೂ ಬೇಸರವಾಗುವುದುಂಟು. ಇದನ್ನೂ ಪಾಟೀಲರಿಗೆ ವಿವರಿಸಿದೆ. ವಿವರಿಸಬಾರದಿತ್ತು.

ಅವರು ಗಂಭೀರವಾಗಿ ಯೋಚಿಸಿದರು. "ನಾಕ್ ತಿಂದ್ರ ಯಾರಿಗಾದ್ರೂ ಎದಿ ಉರೀತೈತಿ. ಆದ್ರ ಹೋಟೆಲ್ ಮಾಲಕರ ನಾಕ್ ತಿನ್ನೂ ಹಂಗ ಮಾಡ್ಯಾನಲ್ರಿ ಅಂವ" ಎಂದವರೇ ಎದ್ದು, ರಸ್ತೆ ದಾಟಿ, ಗಾಡಿಯವನ ಜೊತೆ ಪೂಜೆಯ ದಿನದ ಮಾತು ಶುರುಮಾಡಿದರು.

ಆರ್ಡರು ಹೋದದ್ದಿರಲಿ, ಅಡುಗೆಮನೆಯ ಬಾಗಿಲಲ್ಲಿ ವಾಸು ಭಟ್ಟರು ನಿಂತಿದ್ದರು. ಹೋಟೆಲು ತೆರೆದ ದಿನದಿಂದಲೂ ನಮ್ಮ ಅಡುಗೆಯವರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಮುನಿಸಿಕೊಂಡು ಹೊರಟರೆ ನಾನು ಶಟರ್ ಎಳೆಯುವುದೇ ಸರಿ. ಭಟ್ಟರು ಸೊಂಟಕ್ಕೆ ಸುತ್ತಿದ್ದ ಬೈರಾಸು ಟವೆಲನ್ನು ಬಿಚ್ಚುತ್ತಾ ಗಲ್ಲಾದ ಬಳಿ ಬಂದರು. ಕ್ಷಮೆ ಕೇಳಲು ಬಾಯಿ ತೆರೆದೆ. ತೇಗು ಬಂತು!

ಭಟ್ಟರು ಬಾಗಿ, ಗಿರಾಕಿಗಳಿಗೆ ಕೇಳಿಸದಂತೆ ಹೇಳಿದರು.

"ಆ ಪುಡಿ ಇನ್ನೊಂದು ಉಂಟಾ ಮಾರಾಯ್ರೆ? ನಾನೂ ಆ ಗಾಡಿಯದ್ದೇ ತಿಂದದ್ದು. ಐದು."