ಗುಳ್ಳೆ ಏಳದ ಪೆರಾಕ್ಸೈಡ್

ಕೆಮಿಸ್ಟ್ರಿ ಮೇಷ್ಟ್ರ ಸಂಕಟಕ್ಕೆ ಕಾರಣ ಒಂದು ಹಳೆಯ ಬಾಟಲಿ. ಅದರಲ್ಲಿದ್ದ ಹೈಡ್ರೋಜನ್ ಪೆರಾಕ್ಸೈಡ್ ಕಪಾಟಿನಲ್ಲಿ ಕೂತೂ ಕೂತೂ ಹೆಚ್ಚುಕಡಿಮೆ ನೀರಾಗಿಬಿಟ್ಟಿತ್ತು. ಮ್ಯಾಂಗನೀಸ್ ಡೈಆಕ್ಸೈಡಿನ ಕಪ್ಪು ಪುಡಿ ಬಿದ್ದೊಡನೆ ಆಮ್ಲಜನಕ ಬುಸುಗುಟ್ಟಬೇಕು. ಎದ್ದದ್ದು ನಿದ್ದೆಗಣ್ಣಿನ ಎರಡು ಗುಳ್ಳೆ. ಅದೂ ಇವತ್ತು, ಅವರ ಕೆಲಸ ಕಾಯಂ ಮಾಡುವ ಮೊದಲು ಪಾಠ ನೋಡಲು ಇನ್‌ಸ್ಪೆಕ್ಟರ್ ಬರುವ ದಿನ!

"ಪುಡಿ ಸಾಲ್ದು ಕಣ್ರೀ, ಧಾರಾಳವಾಗಿ ಹಾಕಿ," ಎಂದರು ಗಣಿತದ ಮೇಷ್ಟ್ರು.

"ನನ್ನ ತಂಗಿ ಪಾರ್ಲರ್‌ನಲ್ಲಿ ಕೂದಲಿಗೆ ಇದನ್ನೇ ಹಚ್ತಾಳೆ ಸರ್," ಎಂದು ಡ್ರಾಯಿಂಗ್ ಟೀಚರ್ ಓಡಿಹೋಗಿ ಒಂದು ಬಾಟಲಿ ತಂದೇಬಿಟ್ಟರು. ಇದು ಜೀವವಿದ್ದ ಸರಕು. ಮೇಷ್ಟ್ರು ಅಳೆದು ಫ್ಲಾಸ್ಕಿಗೆ ಸುರಿದು, ಚಿಟಿಕೆ ಪುಡಿಯನ್ನು ಕಾಗದದಲ್ಲಿ ಮಡಿಸಿಟ್ಟು, ಮುಖ ತೊಳೆಯಲು ಹೋದರು.

ಅಷ್ಟರಲ್ಲಿ ಪರೋಪಕಾರ ನಡೆದುಹೋಯಿತು. ಗಣಿತದವರು ಕಾಗದಕ್ಕೆ ಮೂರು ಚಮಚ ಪುಡಿ ಸೇರಿಸಿದರು. ಗುಳ್ಳೆ ಚೆಂದ ಕಾಣಲೆಂದು ಡ್ರಾಯಿಂಗ್ ಟೀಚರ್ ಫ್ಲಾಸ್ಕಿಗೆ ಪಾತ್ರೆ ತೊಳೆಯುವ ಸೋಪು ಬಿಟ್ಟರು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.

ಮಕ್ಕಳು ಬಂದು ಕೂತು, ಪಾಠ ಶುರುವಾಗುವ ಹೊತ್ತಿಗೆ ಕನ್ನಡಕದ ಗಂಭೀರ ಮನುಷ್ಯರೊಬ್ಬರು ಲ್ಯಾಬಿನ ಬಾಗಿಲಿಗೆ ಬಂದರು. "ಬಂದ್ರು!" ಎಂದು ಪಿಸುಗುಟ್ಟಿದ ಗಣಿತದವರು ಅವರಿಗೆ ಬಾಯಿ ತೆರೆಯಲೂ ಬಿಡದೆ ಕೈಹಿಡಿದು ಹಿಂದಿನ ಬೆಂಚಿನಲ್ಲಿ ಕೂರಿಸಿದರು.

"ಮಕ್ಕಳೇ, ಈ ಪುಡಿ ಕ್ರಿಯಾವರ್ಧಕ. ಕೆಲಸ ಬೇಗ ಮಾಡಿಸುತ್ತೆ, ತಾನು ಖರ್ಚಾಗೋದಿಲ್ಲ," ಎಂದ ಮೇಷ್ಟ್ರು ಅತಿಥಿಯ ಮುಖವನ್ನೇ ನೋಡುತ್ತ ಕಾಗದ ಕೊಡವಿದರು.

ಫ್ಲಾಸ್ಕು ಮುನಿಸಿಕೊಂಡ ಆನೆಯಂತೆ ಸೊಂಡಿಲೆತ್ತಿತು. ಕಪ್ಪು ನೊರೆ ಸೂರು ಮುಟ್ಟಿ, ಎಲ್ಲರ ತಲೆಯ ಮೇಲೂ ಸುರಿಯಿತು. ಆಮ್ಲಜನಕ ಪರೀಕ್ಷಿಸಲೆಂದು ಇನ್ನೊಂದು ಕೈಯಲ್ಲಿ ಹಿಡಿದಿದ್ದ ಕೆಂಡದ ಕಡ್ಡಿಯನ್ನು ಮೇಷ್ಟ್ರು ಗಾಬರಿಯಲ್ಲಿ ನೊರೆಯ ಹತ್ತಿರ ತಂದರು. ಕಡ್ಡಿ ಭಗ್ಗನೆ ಹತ್ತಿಕೊಂಡು, ಬೆಂಕಿ ಗೋಡೆಯ ಚಾರ್ಟಿಗೂ ಹಬ್ಬಿತು. ಅತಿಥಿ ಮಾತ್ರ ನಿಧಾನವಾಗಿ ಎದ್ದು, ಕೋಟು ಬಿಚ್ಚಿ, ಎರಡೇಟಿಗೆ ಬೆಂಕಿ ಆರಿಸಿದರು.

ಮಕ್ಕಳ ಚಪ್ಪಾಳೆ ನಿಲ್ಲಲಿಲ್ಲ. ವರ್ಷವಿಡೀ ತುಟಿ ಬಿಚ್ಚದ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಪುಡಿ ಖರ್ಚಾಗಿಲ್ಲ ಅಂದ್ರೆ, ಸೋಸಿ ಒಣಗಿಸಿ ಇನ್ನೊಂದ್ಸಲ ಹಾಕಬಹುದಾ?"

ಮೇಷ್ಟ್ರು ನೊರೆ ಒರೆಸಿಕೊಳ್ಳುವುದನ್ನೂ ಬಿಟ್ಟು ಅವಳತ್ತ ತಿರುಗಿದರು. ಇಂಥ ಒಂದು ಪ್ರಶ್ನೆಗಾಗಿ ಅವರು ಎಷ್ಟು ತರಗತಿಗಳಲ್ಲಿ ಕಾದಿದ್ದರು! "ಹಾಕಬಹುದಮ್ಮ," ಎಂದರು. ಆ ಗಳಿಗೆಯಲ್ಲಿ ಕೆಲಸ, ಕಾಯಂ, ಯಾವುದೂ ನೆನಪಿಗೆ ಬರಲಿಲ್ಲ.

"ಪಾಠ ಬಹಳ ಚೆನ್ನಾಗಿತ್ತು," ಎಂದರು ಅತಿಥಿ ನೊರೆ ಒರೆಸಿಕೊಳ್ಳುತ್ತ. "ನಾನು ಅಗ್ನಿಶಾಮಕ ದಳದವನು. ಬೆಂಕಿ ಆರಿಸೋ ವ್ಯವಸ್ಥೆ ಹೇಗಿದೆ ಅಂತ ನೋಡೋಕೆ ಬಂದಿದ್ದೆ. ನೋಡಿದ ಹಾಗಾಯ್ತು." ಹೋಗುವಾಗ ಲ್ಯಾಬಿಗೆ ಸೀಲು ಹಾಕಿದರು.

ನಿಜವಾದ ಇನ್‌ಸ್ಪೆಕ್ಟರಮ್ಮ ಬಂದದ್ದು ಮಧ್ಯಾಹ್ನ. ಮೇಷ್ಟ್ರ ಕೈಯಲ್ಲಿ ಉಳಿದದ್ದು ಒಂದು ತುಂಡು ಸೀಮೆಸುಣ್ಣ. ಆದರೆ ಆಕೆ ಕೇಳಿದ್ದಕ್ಕೆಲ್ಲ ಮಕ್ಕಳು ಪಟಪಟನೆ ಉತ್ತರ ಕೊಟ್ಟರು.

"ಶಭಾಷ್! ಇಷ್ಟು ಚೆನ್ನಾಗಿ ಹೇಗೆ ಕಲಿತ್ರಿ?"

"ಬೆಳಿಗ್ಗೇನೇ ಸರ್ ಎಲ್ಲಾ ತೋರಿಸಿಕೊಟ್ರು ಮೇಡಂ!"

ಆಕೆಯ ಮುಖ ಗಂಟಿಕ್ಕಿತು. ಮೇಷ್ಟ್ರತ್ತ ತಿರುಗಿ ಮೆಲ್ಲಗೆ ಹೇಳಿದರು: "ಅದಕ್ಕೇ ಅನ್ನಿ! ನಾನು ಬರ್ತೀನಿ ಅಂತ ಬೆಳಿಗ್ಗೇನೇ ಮಕ್ಕಳಿಗೆ ಉತ್ತರ ಉರು ಹೊಡೆಸಿದೀರಿ. ಕಾಯಂ ಮಾತು ಮುಂದಿನ ವರ್ಷ ನೋಡೋಣ."